ಹಳೆಯ ಕಂಪ್ಯೂಟರ್ ಗುಜರಿಗೆ ಹಾಕುವ ಮುನ್ನ

ಸ್ವಿಚ್ ಹಾಕಿ ಚಹಾ ಕುಡಿದು ಬಂದರೂ ನಿಮ್ಮ ಮನೆಯ ಕಂಪ್ಯೂಟರ್ ಸಿದ್ಧವಾಗಿರುವುದಿಲ್ಲವೇ? ಹೊಸದಕ್ಕೆ ಕಂತು ಕಟ್ಟುವ ಮೊದಲು ಅದರ ಕಾಯಿಲೆ ಏನೆಂದು ನೋಡಿ.

ಮೊದಲು ಫೋಟೋಗಳನ್ನೂ ಮುಖ್ಯ ದಾಖಲೆಗಳನ್ನೂ ಪೆನ್‌ಡ್ರೈವ್‌ಗೆ ನಕಲು ಮಾಡಿಡಿ. ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ‘ಸ್ಟಾರ್ಟಪ್’ ಪಟ್ಟಿಯಲ್ಲಿ ಕಂಪ್ಯೂಟರಿನ ಜೊತೆಗೇ ಏಳುವ ಪ್ರೋಗ್ರಾಮುಗಳಿರುತ್ತವೆ. ಬೇಡದವನ್ನು ‘ಡಿಸೇಬಲ್’ ಮಾಡಿ. ಆಂಟಿವೈರಸ್ ಮಾತ್ರ ಮುಟ್ಟಬೇಡಿ.

ಬಳಿಕ ‘ಪರ್ಫಾರ್ಮೆನ್ಸ್’ ನೋಡಿ. ಮೆಮೊರಿ ಸದಾ ತುಂಬಿಯೇ ಇದ್ದರೆ ರ‍್ಯಾಮ್ ಸಾಲದು ಎಂದರ್ಥ. 4 ಜಿಬಿ ಇದ್ದರೆ 8 ಮಾಡಿಸಿ. ಡಿಸ್ಕ್ ಆಗಾಗ 100 ಶೇಕಡಾದಲ್ಲೇ ನಿಂತರೆ ಹಾರ್ಡ್ ಡಿಸ್ಕ್ ಮೇಲೆ ಸಂಶಯಪಡಬಹುದು. ಅದರಲ್ಲಿ ತಟ್ಟೆಗಳು ತಿರುಗಿ, ಓದುವ ತಲೆ ಪ್ರತಿ ಕಡತವನ್ನೂ ಹುಡುಕಿ ಓಡಾಡಬೇಕು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಅದನ್ನು ಹಾಕಿಸಿದರೆ ಹಳೆಯ ಯಂತ್ರವೂ ಚುರುಕಾಗುತ್ತದೆ.

‘ಒಂದೇ ಕ್ಲಿಕ್‌ನಲ್ಲಿ ವೇಗ’ ಎನ್ನುವ ಜಾಹೀರಾತುಗಳನ್ನು ನಂಬಬೇಡಿ. ಅವುಗಳ ಜೊತೆ ವೈರಸ್ ಬರುವುದುಂಟು.

ಇನ್ನೊಂದು ಮಾತು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನಿಮ್ಮ ಯಂತ್ರ ವಿಂಡೋಸ್ 11ಕ್ಕೆ ಒಗ್ಗದಿದ್ದರೆ ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ ಹಾಕಿಸಬಹುದು. ಮಕ್ಕಳ ಓದು, ಪತ್ರ ಬರೆಯುವುದು, ಇಂಟರ್ನೆಟ್ ಎಲ್ಲಕ್ಕೂ ಅದು ಸಾಕು.

ಕೊನೆಯದಾಗಿ, ರಿಪೇರಿಯವರಿಂದ ಹಳೆಯ ಡಿಸ್ಕನ್ನು ಮರೆಯದೆ ವಾಪಸು ಪಡೆಯಿರಿ. ಅಳಿಸಿದ ಫೋಟೋಗಳನ್ನೂ ಅದರಿಂದ ಮರಳಿ ತೆಗೆಯಲು ಸಾಧ್ಯವಿದೆ. ಯಂತ್ರ ಹಳೆಯದಾದರೂ ಅದರೊಳಗೆ ಇರುವುದು ನಿಮ್ಮ ಮನೆಯೇ.