ಮನೆಯ ಮಾತು, ಶಾಲೆಯ ಮಾತು, ಎದೆಯ ಮಾತು

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ಯಾವುದೇ ಶಾಲೆಯ ಹಾಜರಿ ಪುಸ್ತಕ ತೆರೆದರೂ, ಮನೆಯಲ್ಲಿ ಒಂದು ಮಾತು, ತರಗತಿಯಲ್ಲಿ ಇನ್ನೊಂದು ಮಾತು ಆಡುವ ಕೆಲವು ಮಕ್ಕಳಾದರೂ ಸಿಗುತ್ತಾರೆ. ಉರ್ದು, ತಮಿಳು, ತೆಲುಗು, ಹೀಗೆ. ಅಂಥ ಮಗುವಿನ ತಂದೆತಾಯಿಗೆ ಒಳಗೊಳಗೇ ಒಂದು ಅಳುಕು: 'ನಮ್ಮ ಹುಡುಗನಿಗೆ ಕನ್ನಡ ಹತ್ತೀತೇ? ಹತ್ತಿದರೂ ಅದು ಅವನದಾದೀತೇ?'

ಮೊದಲ ಪ್ರಶ್ನೆಗೆ ಉತ್ತರ ಊರಲ್ಲೇ ಇದೆ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಹುಟ್ಟಿದ ಪು.ತಿ. ನರಸಿಂಹಾಚಾರ್ಯರ ಮನೆಮಾತು ತಮಿಳು. ಧಾರವಾಡದ ದ.ರಾ. ಬೇಂದ್ರೆಯವರದು ಮರಾಠಿ. ಇಬ್ಬರೂ ಕನ್ನಡದ ದೊಡ್ಡ ಕವಿಗಳು. 'ಇವರು ನಮ್ಮವರೇ?' ಎಂದು ಯಾರೂ ಅವರನ್ನು ಬಾಗಿಲಲ್ಲಿ ತಡೆದು ಕೇಳಲಿಲ್ಲ. ಎರಡನೆಯ ಪ್ರಶ್ನೆ ಮಾತ್ರ ಎಲ್ಲರಿಗೂ ಅಷ್ಟು ಸುಲಭವಲ್ಲ. ಅದಕ್ಕೆ ಉತ್ತರ ಹುಡುಕಲು ಕೆ.ಆರ್. ಪೇಟೆ, ನಾಗಮಂಗಲಗಳ ಗಡಿ ದಾಟಿ, ಪಕ್ಕದ ಹಾಸನ ಜಿಲ್ಲೆಗೆ ಹೋಗಬೇಕು.

ಬಾನು ಮುಷ್ತಾಕ್ ಹುಟ್ಟಿದ್ದು 1948ರಲ್ಲಿ, ಹಾಸನದಲ್ಲಿ. ಮನೆಮಾತು ಉರ್ದು. ಎಂಟು ವರ್ಷದವರಿದ್ದಾಗ ಶಿವಮೊಗ್ಗದ ಒಂದು ಮಿಷನರಿ ಶಾಲೆಯ ಕನ್ನಡ ಮಾಧ್ಯಮಕ್ಕೆ ಸೇರಿದರು. ಶಾಲೆಯವರು ಹಾಕಿದ ಷರತ್ತು ಒಂದೇ: ಆರು ತಿಂಗಳೊಳಗೆ ಕನ್ನಡ ಓದಿ ಬರೆಯಲು ಕಲಿಯಬೇಕು. ಹುಡುಗಿ ಕೆಲವೇ ದಿನಗಳಲ್ಲಿ ಬರೆಯತೊಡಗಿದಳು. ಹಾಗೆ ಹಿಡಿದ ಅಕ್ಷರವನ್ನು ಮುಂದೆ ಬಿಡಲಿಲ್ಲ. 'ಲಂಕೇಶ್ ಪತ್ರಿಕೆ'ಗೆ ವರದಿಗಾರ್ತಿಯಾದರು, ಬಂಡಾಯ ಸಾಹಿತ್ಯ ಚಳವಳಿಯೊಡನೆ ಬೆಳೆದರು, ವಕೀಲರಾದರು, ಕಥೆಗಾರ್ತಿಯಾದರು.

ಅವರು ಬರೆದದ್ದು ಯಾರ ಬಗ್ಗೆ? ಅಡುಗೆಮನೆಯ ಹೊಗೆಯಲ್ಲಿ, ಹೆರಿಗೆ ಕೋಣೆಯಲ್ಲಿ, ತಲಾಖಿನ ಭಯದಲ್ಲಿ ಬದುಕುವ ಮುಸ್ಲಿಂ ಹೆಣ್ಣುಮಕ್ಕಳ ಬಗ್ಗೆ. 'ಕರಿ ನಾಗರಗಳು' ಎಂಬ ಅವರ ಕಥೆಯನ್ನು ಗಿರೀಶ್ ಕಾಸರವಳ್ಳಿಯವರು 'ಹಸೀನಾ' ಎಂಬ ಚಲನಚಿತ್ರವಾಗಿಸಿದರು. ನ್ಯಾಯ ಕೇಳಿ ಮಸೀದಿಯ ಬಾಗಿಲಿಗೆ ಬಂದು ಕೂರುವ ಒಬ್ಬ ತಾಯಿಯ ಕಥೆ ಅದು. ಆ ತಾಯಿ ಧರ್ಮವನ್ನು ಬೇಡವೆನ್ನುವುದಿಲ್ಲ. ಧರ್ಮವು ತನಗೆ ಕೊಟ್ಟಿದೆಯೆಂದು ನಂಬಿದ ಹಕ್ಕನ್ನು, ಅದನ್ನು ತಡೆಹಿಡಿದ ಗಂಡಸರ ಎದುರು ಕೇಳುತ್ತಾಳೆ. ಬಾನು ಅವರ ಬರವಣಿಗೆಯ ಬೇರು ಇಲ್ಲಿದೆ. ತಾನು ಕಥೆಗಾಗಿ ದೊಡ್ಡ ಸಂಶೋಧನೆ ಮಾಡುವುದಿಲ್ಲ, ತನ್ನ ಹೃದಯವೇ ತನ್ನ ಅಧ್ಯಯನದ ಕ್ಷೇತ್ರ ಎಂಬರ್ಥದ ಮಾತನ್ನು ಅವರು ಹೇಳಿದ್ದಾರೆ.

ಮನೆಯೊಳಗಿನ ಮಾತನ್ನು ಹೊರಗೆ ಆಡುವವರಿಗೆ ಮನೆಯವರೇ ಮೊದಲು ಮುನಿಯುತ್ತಾರೆ. ಮಸೀದಿಯಲ್ಲಿ ಪ್ರಾರ್ಥಿಸಲು ಹೆಂಗಸರಿಗೂ ಹಕ್ಕಿದೆ ಎಂದದ್ದಕ್ಕಾಗಿ 2000ನೇ ಇಸವಿಯಲ್ಲಿ ಬಾನು ಅವರ ಕುಟುಂಬ ಸುಮಾರು ಮೂರು ತಿಂಗಳು ಸಾಮಾಜಿಕ ಬಹಿಷ್ಕಾರ ಎದುರಿಸಬೇಕಾಯಿತು. ಅವರು ಸಮುದಾಯ ಬಿಟ್ಟು ಹೋಗಲಿಲ್ಲ, ಲೇಖನಿಯನ್ನೂ ಕೆಳಗಿಡಲಿಲ್ಲ.

2025ರ ಮೇ ತಿಂಗಳಲ್ಲಿ ಅವರ ಕಥೆಗಳ ಇಂಗ್ಲಿಷ್ ಸಂಕಲನ 'ಹಾರ್ಟ್ ಲ್ಯಾಂಪ್'ಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಕನ್ನಡಕ್ಕೆ ಈ ಪ್ರಶಸ್ತಿ ಬಂದದ್ದು ಅದೇ ಮೊದಲು; ಸಣ್ಣಕಥೆಗಳ ಸಂಕಲನವೊಂದಕ್ಕೆ ಬಂದದ್ದೂ ಅದೇ ಮೊದಲು. ಮೂವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಬರೆದ ಹನ್ನೆರಡು ಕಥೆಗಳು ಅದರಲ್ಲಿವೆ. ಐವತ್ತು ಸಾವಿರ ಪೌಂಡಿನ ಬಹುಮಾನ ಲೇಖಕಿಗೂ ಅನುವಾದಕಿ ಕೊಡಗಿನ ದೀಪಾ ಭಾಸ್ತಿಯವರಿಗೂ ಸಮನಾಗಿ ಹಂಚಿಕೆಯಾಯಿತು. ಕಥೆಗಳ ಕನ್ನಡದಲ್ಲಿ ದಖನಿ ಉರ್ದುವೂ ಅರಬ್ಬಿಯೂ ಸಹಜವಾಗಿ ಬೆರೆತಿವೆ. ಅನುವಾದಕಿ ಅದನ್ನು ಸೋಸಿ ತೆಗೆಯದೆ ಹಾಗೆಯೇ ಉಳಿಸಿಕೊಂಡರು.

ಅದೇ ವರ್ಷ ಸರ್ಕಾರ ಮೈಸೂರು ದಸರಾ ಉದ್ಘಾಟನೆಗೆ ಅವರನ್ನು ಕರೆಯಿತು. ಈ ದಸರೆಯ ಮೂಲ ಶ್ರೀರಂಗಪಟ್ಟಣ. 1610ರಲ್ಲಿ ರಾಜ ಒಡೆಯರು ಅಲ್ಲಿ ಅದನ್ನು ಆರಂಭಿಸಿದರು. ಬಾನು ಅವರ ಹೆಸರು ಕೇಳುತ್ತಲೇ ಆಕ್ಷೇಪಗಳು ಎದ್ದವು. ಆಕ್ಷೇಪಿಸಿದವರು ಅವರ 2023ರ ಒಂದು ಭಾಷಣವನ್ನು ಮುಂದಿಟ್ಟರು. ಕನ್ನಡವನ್ನು ಭುವನೇಶ್ವರಿಯಾಗಿಸಿ ಪೀಠದ ಮೇಲೆ ಕೂರಿಸಿದರೆ ತಾನು ಎಲ್ಲಿ ನಿಲ್ಲಬೇಕು ಎಂದು ಅವರು ಅದರಲ್ಲಿ ಕೇಳಿದ್ದರು. ತಾವು ತಾಯಿಯೆಂದು ಪೂಜಿಸುವ ನುಡಿಯ ಬಗ್ಗೆ ಅಂಥ ಮಾತು ಕೇಳಿದಾಗ ಹಲವರಿಗೆ ನೋವಾದದ್ದು ನಿಜ. ಕೇಳಿದವರ ನೋವೂ ಅಷ್ಟೇ ನಿಜ. ವಿಷಯ ಹೈಕೋರ್ಟಿಗೆ ಹೋಯಿತು, ಸುಪ್ರೀಂ ಕೋರ್ಟಿಗೂ ಹೋಯಿತು. ಎರಡೂ ಕಡೆ ಅರ್ಜಿಗಳು ವಜಾ ಆದವು. ಸೆಪ್ಟೆಂಬರ್ 22ರಂದು ಬಾನು ಚಾಮುಂಡಿ ಬೆಟ್ಟ ಹತ್ತಿ ದೇವಿಗೆ ಹೂವು ಅರ್ಪಿಸಿದರು. ಅಂದು ಅವರ ಕಣ್ಣು ತುಂಬಿ ಬಂತು.

ಎಂಟು ವರ್ಷ ಹಿಂದೆ, 2017ರಲ್ಲಿ, ಅದೇ ಬೆಟ್ಟದ ಮೇಲೆ ದಸರಾ ಉದ್ಘಾಟಿಸಿದವರು ಕೆ.ಎಸ್. ನಿಸಾರ್ ಅಹಮದ್. ಅವರು ಭೂವಿಜ್ಞಾನದ ಅಧ್ಯಾಪಕರಾಗಿದ್ದವರು, 2020ರಲ್ಲಿ ತೀರಿಕೊಂಡರು. ಅವರ 'ನಿತ್ಯೋತ್ಸವ' ನಾಡನ್ನು ತಾಯಿಯಾಗಿಯೇ ಹಾಡುತ್ತದೆ. ಅದನ್ನು ಹಾಡದ ಶಾಲೆ ಈ ಸೀಮೆಯಲ್ಲಿ ಅಪರೂಪ. ಆದರೆ 'ನಿಮ್ಮೊಡನಿದ್ದೂ ನಿಮ್ಮಂತಾಗದೆ' ಎಂಬ ಕವನ ಬರೆದವರೂ ಅವರೇ. ಒಬ್ಬರು ತಾಯಿಯೆಂದು ಹಾಡಿದರು, ಇನ್ನೊಬ್ಬರು 'ನನ್ನ ಜಾಗ ಎಲ್ಲಿ?' ಎಂದು ಕೇಳಿದರು. ಎರಡೂ ಕನ್ನಡದಲ್ಲೇ ಆಡಿದ ಮಾತು. ತನ್ನದಲ್ಲದ ಮನೆಯಲ್ಲಿ ಯಾರೂ ಜಾಗಕ್ಕಾಗಿ ಜಗಳವಾಡುವುದಿಲ್ಲ.

ಪ್ರೌಢಶಾಲೆಯ ವಿಜ್ಞಾನ ಪುಸ್ತಕದಲ್ಲಿ ಮಿಶ್ರಣ ಮತ್ತು ಸಂಯುಕ್ತಗಳ ಪಾಠ ಬರುತ್ತದೆ. ಕಬ್ಬಿಣದ ಪುಡಿಯನ್ನೂ ಗಂಧಕವನ್ನೂ ಸುಮ್ಮನೆ ಬೆರೆಸಿದರೆ ಎರಡೂ ತಮ್ಮ ಗುಣ ಉಳಿಸಿಕೊಳ್ಳುತ್ತವೆ. ಆಯಸ್ಕಾಂತ ಹಿಡಿದರೆ ಕಬ್ಬಿಣ ಮೇಲೆದ್ದು ಬರುತ್ತದೆ. ಕಾಯಿಸಿದರೆ ಎರಡೂ ಕೂಡಿ ಬೇರೆಯೇ ವಸ್ತುವಾಗುತ್ತದೆ. ಆಗ ಕಬ್ಬಿಣವೂ ಕಬ್ಬಿಣವಾಗಿ ಉಳಿಯದು, ಗಂಧಕವೂ ಗಂಧಕವಾಗಿ ಉಳಿಯದು. ಮನುಷ್ಯರು ಕೂಡಿ ಬಾಳುವುದಕ್ಕೆ ಈ ಎರಡೂ ಹೋಲಿಕೆ ಪೂರ್ತಿ ಒಪ್ಪುವುದಿಲ್ಲ. ಆದರೂ ಒಂದು ಮಾತು ಹೊಳೆಯುತ್ತದೆ. ಬೆರೆಯಬೇಕಾದರೆ ತನ್ನ ಗುಣವನ್ನು ಕಳೆದುಕೊಳ್ಳಲೇಬೇಕು ಎಂಬ ನಿಯಮವೇನೂ ಇಲ್ಲ.

ತಂದೆತಾಯಿಗಳ ಎರಡನೆಯ ಪ್ರಶ್ನೆಗೆ ಉತ್ತರವೂ ಇದೇ. ಭಾಷೆ ಹುಟ್ಟಿನಿಂದ ಮಾತ್ರ ಬರುವ ಆಸ್ತಿಯಲ್ಲ. ಉಳುವವನಿಗೆ ಹೊಲ ಎನ್ನುವಂತೆ, ದುಡಿದವರಿಗೆ ನುಡಿ. ಮನೆಯ ಮಾತನ್ನು ಬಿಡಬೇಕಿಲ್ಲ, ನಂಬಿಕೆಯನ್ನು ಬಚ್ಚಿಡಬೇಕಿಲ್ಲ, ಪ್ರಶ್ನೆಯನ್ನು ನುಂಗಬೇಕಿಲ್ಲ. ನಾಳೆ ತರಗತಿಯಲ್ಲಿ ಒಂದು ಮಗು ಕನ್ನಡ ಓದುವಾಗ ತಡವರಿಸಿದರೆ, ಪಕ್ಕದ ಬೆಂಚಿನವರು ನಗದಿರಲಿ. ಶಿವಮೊಗ್ಗದ ಆ ಶಾಲೆ ಎಂಟು ವರ್ಷದ ಒಬ್ಬ ಹುಡುಗಿಗೆ ಆರು ತಿಂಗಳು ಕಾಲಾವಕಾಶ ಕೊಟ್ಟಿತ್ತು. ಅಷ್ಟು ತಾಳ್ಮೆ ನಮ್ಮ ಶಾಲೆಗಳಿಗೂ ಇರಲಿ.