ಅಳತೆಗೋಲು ಒಂದೇ, ಮದ್ದು ಬೇರೆ

2023ರ ಮಾರ್ಚ್ ತಿಂಗಳಲ್ಲಿ ಕೇರಳ ಹೈಕೋರ್ಟು ಒಂದು ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ವಜಾ ಮಾಡಿತು. ಕಾಯಿಲೆ ಕಸಾಲೆಯ ಕಾರಣವಿಲ್ಲದೆ ಗಂಡುಮಕ್ಕಳಿಗೆ ಸುನ್ನತಿ ಮಾಡಿಸುವುದು ಮಕ್ಕಳ ಹಕ್ಕಿನ ಉಲ್ಲಂಘನೆ, ಅದನ್ನು ಕಾನೂನುಬಾಹಿರ ಎಂದು ಸಾರಬೇಕು ಅನ್ನೋದು ಅರ್ಜಿದಾರರ ಬೇಡಿಕೆಯಾಗಿತ್ತು. ಅರ್ಜಿಗೆ ಪತ್ರಿಕಾ ವರದಿಗಳನ್ನು ಬಿಟ್ಟರೆ ಬೇರೆ ಆಧಾರವಿಲ್ಲ, ಕಾನೂನು ಮಾಡುವುದು ಕೋರ್ಟಿನ ಕೆಲಸವೂ ಅಲ್ಲ ಎಂದು ಪೀಠ ಹೇಳಿತು. ಅಲ್ಲಿಗೆ ಮೊಕದ್ದಮೆ ಮುಗಿಯಿತು. ಪ್ರಶ್ನೆ ಮುಗಿಯಲಿಲ್ಲ.

ಶಾಲೆ, ಭಾಷೆ, ನೌಕರಿಯ ಗೋಳು ತುಂಬಿದ ಈ ಗಡಿ ಪುಟದಲ್ಲಿ ಇದೆಲ್ಲ ಯಾಕೆ ಅಂತ ಹುಬ್ಬೇರಿಸುವವರು ಇದ್ದಾರು. ಕಾಸರಗೋಡಿನಲ್ಲಿ, ವಯನಾಡಿನಲ್ಲಿ ಬಾಳುವ ಕನ್ನಡಿಗರು ಅದೇ ಹೈಕೋರ್ಟಿನ ಕೆಳಗೆ ಬರುವವರು. ಅವರಲ್ಲಿ ಮಗನ ಸುನ್ನತಿಗೆ ದಿನ ಗೊತ್ತು ಮಾಡುವ ಮುಸ್ಲಿಂ ತಂದೆತಾಯಿಗಳೂ ಇದ್ದಾರೆ, ಪಕ್ಕದ ಮನೆಯ ಸುನ್ನತ್ ಕಲ್ಯಾಣದ ಊಟ ಉಂಡು ಬರುವ ಹಿಂದೂ, ಕ್ರೈಸ್ತ ನೆರೆಹೊರೆಯವರೂ ಇದ್ದಾರೆ. ಮನೆಮನೆಗೆ ಸಂಬಂಧಿಸಿದ ವಿಷಯವನ್ನು ನಾಚಿಕೆಯ ವಿಷಯ ಎಂದು ಪಕ್ಕಕ್ಕಿಟ್ಟರೆ, ಅದನ್ನು ಕೂಗಾಡುವವರ ಕೈಗೆ ಕೊಟ್ಟಂತಾಗುತ್ತದೆ.

ಇದೇ ಕೇರಳದಲ್ಲಿ 2017ರಲ್ಲಿ ಇನ್ನೊಂದು ಸುದ್ದಿ ಬಂದಿತ್ತು. ಕೋಳಿಕ್ಕೋಡಿನಲ್ಲಿ ಹೆಣ್ಣುಮಕ್ಕಳಿಗೂ ಸುನ್ನತಿ ಮಾಡುತ್ತಿದ್ದಾರೆ ಎಂಬ ವರದಿ ಅದು. ಕೇರಳದ ಬಹುಪಾಲು ಮುಸ್ಲಿಮರಲ್ಲಿ ಇಂಥ ಪದ್ಧತಿ ಇಲ್ಲ. ಆದ್ದರಿಂದಲೇ ಆ ಸುದ್ದಿ ಅಲ್ಲಿ ಎಲ್ಲರನ್ನೂ ಬೆಚ್ಚಿಬೀಳಿಸಿತು. ನಮ್ಮ ದೇಶದಲ್ಲಿ ಈ ಪದ್ಧತಿಯ ಮಾತು ಬಂದಾಗ ಮುಖ್ಯವಾಗಿ ಕೇಳಿಬರುವುದು ದಾವೂದಿ ಬೋಹ್ರಾ ಸಮುದಾಯದ ಹೆಸರು. ಸುಮಾರು ಏಳು ವರ್ಷದ ಹುಡುಗಿಯ ಚಂದ್ರನಾಡಿಯ ಮೇಲಿನ ತೊಗಲನ್ನು ಬ್ಲೇಡಿನಿಂದ ಕತ್ತರಿಸುವ ಇದಕ್ಕೆ ಅವರು ಖಫ್ಜ್ ಅನ್ನುತ್ತಾರೆ. ಹಿಂದೆ ಸಮುದಾಯದ ಹಿರಿಯ ಹೆಂಗಸರು ಮಾಡುತ್ತಿದ್ದರು, ಈಚೀಚೆಗೆ ಕೆಲವು ಕಡೆ ಡಾಕ್ಟರುಗಳೂ ಮಾಡುತ್ತಾರೆ. ಅನುಭವಿಸಿದ ಬೋಹ್ರಾ ಹೆಣ್ಣುಮಕ್ಕಳೇ ಮುಂದೆ ಬಂದು ಬಾಯಿಬಿಟ್ಟಿದ್ದರಿಂದ ಇದು ಲೋಕಕ್ಕೆ ತಿಳಿಯಿತು.

2017ರಲ್ಲೇ ಇದರ ವಿರುದ್ಧ ಸುಪ್ರೀಂ ಕೋರ್ಟಿಗೆ ಅರ್ಜಿ ಹೋಯಿತು. ಒಬ್ಬ ವ್ಯಕ್ತಿಯ ದೇಹದ ಮೇಲೆ ಬೇರೆಯವರ ಅಧಿಕಾರ ಏಕೆ ನಡೆಯಬೇಕು ಎಂಬ ಅರ್ಥದ ಪ್ರಶ್ನೆಯನ್ನು 2018ರ ಜುಲೈನ ವಿಚಾರಣೆಯಲ್ಲಿ ನ್ಯಾಯಪೀಠವೇ ಎತ್ತಿತ್ತು. ಕೇಂದ್ರ ಸರ್ಕಾರದ ಪರವಾಗಿ ಅಟಾರ್ನಿ ಜನರಲ್ ಅರ್ಜಿಯನ್ನು ಬೆಂಬಲಿಸಿದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ವಿಷಯ ಐವರು ನ್ಯಾಯಮೂರ್ತಿಗಳ ಪೀಠಕ್ಕೆ ಹೋಯಿತು. 2019ರ ನವೆಂಬರಿನಲ್ಲಿ ಶಬರಿಮಲೆ ತೀರ್ಪಿನ ಮರುಪರಿಶೀಲನೆಯ ಜೊತೆ ಹೆಣೆದುಕೊಂಡು ಇನ್ನೂ ದೊಡ್ಡ ಪೀಠದ ಪಾಳಿಗೆ ಬಿತ್ತು. ಕೋರ್ಟಿನ ವಾಯಿದೆಗಳು ಮುಂದೆ ಹೋದಂತೆ ಏಳು ವರ್ಷದ ಹುಡುಗಿಯ ವಯಸ್ಸು ಕಾದು ನಿಲ್ಲುವುದಿಲ್ಲ.

ಬೋಹ್ರಾ ಮಹಿಳೆಯರದೇ ಇನ್ನೊಂದು ಸಂಘಟನೆ ಈ ಪದ್ಧತಿಯ ಪರವಾಗಿಯೂ ಕೋರ್ಟಿಗೆ ಬಂದಿತು. ಇದು ಅಂಗಛೇದನವಲ್ಲ, ಧಾರ್ಮಿಕ ಆಚರಣೆ ಎಂಬುದು ಅವರ ವಾದ. ಪದ್ಧತಿಯನ್ನು ಸಮರ್ಥಿಸುವವರು ಇನ್ನೊಂದು ಮಾತನ್ನೂ ಸೇರಿಸುತ್ತಾರೆ: ಗಂಡುಮಕ್ಕಳಿಗೆ ಇದಕ್ಕಿಂತ ಹೆಚ್ಚೇ ಕತ್ತರಿಸುತ್ತೀರಲ್ಲ, ಅದಕ್ಕೆ ಯಾರೂ ಚಕಾರ ಎತ್ತೋದಿಲ್ಲ, ಹೆಣ್ಣುಮಕ್ಕಳ ವಿಷಯಕ್ಕೆ ಮಾತ್ರ ಯಾಕೆ ಇಷ್ಟು ಗದ್ದಲ? ಈ ಪ್ರಶ್ನೆಯನ್ನು ತೇಲಿಸಿಬಿಡಲು ಬರುವುದಿಲ್ಲ. ಇದಕ್ಕೆ ಸರಿಯಾದ ಉತ್ತರ ಕೊಡದೆ ಹೆಣ್ಣುಮಕ್ಕಳ ಪರ ವಾದ ಗಟ್ಟಿಯಾಗಿ ನಿಲ್ಲುವುದಿಲ್ಲ.

ಮೊದಲು ವ್ಯತ್ಯಾಸ ಎಲ್ಲಿದೆ ನೋಡೋಣ. ಹೆಣ್ಣುಮಕ್ಕಳ ಜನನಾಂಗ ಛೇದನವನ್ನು ವಿಶ್ವ ಆರೋಗ್ಯ ಸಂಸ್ಥೆ ನಾಲ್ಕು ಬಗೆಯಾಗಿ ವಿಂಗಡಿಸಿದೆ. ಚಂದ್ರನಾಡಿಯನ್ನೋ ಅದರ ಮೇಲಿನ ತೊಗಲನ್ನೋ ಕತ್ತರಿಸುವುದು ಒಂದು, ಅದರ ಜೊತೆಗೆ ಒಳತುಟಿಗಳನ್ನೂ ತೆಗೆಯುವುದು ಎರಡು, ಎಲ್ಲವನ್ನೂ ಸೇರಿಸಿ ದಾರಿಯನ್ನೇ ಕಿರಿದು ಮಾಡಿ ಮುಚ್ಚುವುದು ಮೂರು, ಚುಚ್ಚುವುದು, ಗೀರುವುದು ಮುಂತಾದವು ನಾಲ್ಕು. ಸೊಮಾಲಿಯಾ, ಸುಡಾನಿನಂಥ ಕಡೆ ನಡೆದುಬಂದ ಮೂರನೆಯ ಬಗೆಯಲ್ಲಿ ಮೂತ್ರಕ್ಕೂ ಮುಟ್ಟಿಗೂ ತೊಂದರೆ, ಹೆರಿಗೆಯಲ್ಲಿ ತಾಯಿಮಗುವಿನ ಜೀವಕ್ಕೇ ಅಪಾಯ. ಗಂಡುಮಗುವಿನ ಮುಂದೊಗಲು ತೆಗೆಯುವುದನ್ನು ಇದರ ಪಕ್ಕದಲ್ಲಿಟ್ಟು ಎರಡೂ ಒಂದೇ ಅನ್ನುವುದು ಆ ತಾಯಂದಿರಿಗೆ ಮಾಡುವ ಅನ್ಯಾಯ. ಯುನಿಸೆಫ್ 2024ರಲ್ಲಿ ಕೊಟ್ಟ ಲೆಕ್ಕದಂತೆ ಛೇದನಕ್ಕೆ ಒಳಗಾಗಿ ಬದುಕಿರುವ ಹೆಂಗಸರು, ಹುಡುಗಿಯರು ಜಗತ್ತಿನಲ್ಲಿ 23 ಕೋಟಿಗೂ ಹೆಚ್ಚು.

ಆದರೆ ಎಲ್ಲ ಬಗೆಯನ್ನೂ ಈ ಒಂದೇ ಮಾತಿನಿಂದ ಅಳೆಯಲು ಆಗುವುದಿಲ್ಲ. ಇಂಗ್ಲೆಂಡಿನ ಕುಟುಂಬ ನ್ಯಾಯಾಲಯದ ಮುಖ್ಯಸ್ಥರಾಗಿದ್ದ ನ್ಯಾಯಮೂರ್ತಿ ಜೇಮ್ಸ್ ಮುನ್ಬಿ 2015ರ ಜನವರಿಯಲ್ಲಿ ಕೊಟ್ಟ ತೀರ್ಪಿನಲ್ಲಿ ಇದನ್ನು ಮರೆಮಾಚದೆ ಒಪ್ಪಿಕೊಂಡರು. ಹುಡುಗಿಗೆ ಚುಚ್ಚಿ ಗೀರುವ ನಾಲ್ಕನೆಯ ಬಗೆಯೂ ಗಂಭೀರ ಹಾನಿ ಎಂದಾದರೆ, ಅದಕ್ಕಿಂತ ಹೆಚ್ಚು ತೊಗಲು ತೆಗೆಯುವ ಗಂಡುಮಕ್ಕಳ ಸುನ್ನತಿಯೂ ಹಾನಿಯೇ ಎಂದು ಅವರು ಬರೆದರು. ಹಾಗಿದ್ದೂ ಸಮಾಜವೂ ಕಾನೂನೂ ಸುನ್ನತಿಯನ್ನು ತಂದೆತಾಯಿಗಳ ಸಮಂಜಸ ನಿರ್ಧಾರ ಎಂದು ಸೈರಿಸಿಕೊಂಡಿವೆ, ಹೆಣ್ಣುಮಕ್ಕಳ ಛೇದನವನ್ನು ಯಾವ ರೂಪದಲ್ಲೂ ಸೈರಿಸುವುದಿಲ್ಲ ಎಂದು ಎರಡನ್ನೂ ಬೇರೆ ಮಾಡಿದರು. ಎಷ್ಟು ಕತ್ತರಿಸಿದರು ಎಂಬ ಲೆಕ್ಕದಿಂದ ಗೆರೆ ಎಳೆಯಲು ಬರುವುದಿಲ್ಲ ಅನ್ನೋದು ಆ ತೀರ್ಪಿನಿಂದ ಸ್ಪಷ್ಟವಾಗುತ್ತದೆ.

ಜರ್ಮನಿಯ ಕತೆಯೂ ಇಂಥದೇ. ನಾಲ್ಕು ವರ್ಷದ ಮುಸ್ಲಿಂ ಹುಡುಗನೊಬ್ಬನಿಗೆ ಸುನ್ನತಿಯಾದ ಮೇಲೆ ರಕ್ತ ಸೋರಿ ವಿಷಯ ಕೋರ್ಟು ಮುಟ್ಟಿತು. ಧರ್ಮದ ಕಾರಣಕ್ಕಾಗಿ ಮಗುವಿಗೆ ಸುನ್ನತಿ ಮಾಡುವುದು ದೈಹಿಕ ಗಾಯ ಮಾಡಿದಂತೆ ಎಂದು ಕಲೋನ್ ನಗರದ ನ್ಯಾಯಾಲಯ 2012ರ ಮೇ ತಿಂಗಳಲ್ಲಿ ಹೇಳಿತು. ಕಾನೂನು ಸ್ಪಷ್ಟವಿರಲಿಲ್ಲವಾದ್ದರಿಂದ ಡಾಕ್ಟರನ್ನು ಬಿಟ್ಟಿತು. ಯಹೂದಿಗಳೂ ಮುಸ್ಲಿಮರೂ ಒಟ್ಟಿಗೇ ಪ್ರತಿಭಟಿಸಿದರು. ಯಹೂದಿಗಳ ಮಾರಣಹೋಮ ನಡೆಸಿದ ನೆಲದಲ್ಲಿ ಅವರ ಧರ್ಮಾಚರಣೆಯೇ ಅಪರಾಧ ಎಂದು ಹೇಳುವುದು ಹ್ಯಾಗೆ? ಡಿಸೆಂಬರಿನಲ್ಲಿ ಪಾರ್ಲಿಮೆಂಟು ಕಾನೂನು ಮಾಡಿ, ವೈದ್ಯಕೀಯ ನಿಯಮದಂತೆ ನಡೆಯುವುದಾದರೆ ತಂದೆತಾಯಿ ಒಪ್ಪಿಗೆ ಕೊಡಬಹುದು ಎಂದಿತು. ಮರುವರ್ಷ, 2013ರಲ್ಲಿ, ಅದೇ ದೇಶ ಹೆಣ್ಣುಮಕ್ಕಳ ಛೇದನವನ್ನು ಪ್ರತ್ಯೇಕ ಅಪರಾಧವಾಗಿ ದಂಡ ಸಂಹಿತೆಗೆ ಸೇರಿಸಿತು.

ಸುನ್ನತಿಯಿಂದ ಆರೋಗ್ಯಕ್ಕೆ ಲಾಭವಿದೆಯಲ್ಲ ಅಂತ ಕೆಲವರು ಹೇಳುತ್ತಾರೆ. ಇದೆ. ದಕ್ಷಿಣ ಆಫ್ರಿಕಾ, ಕೆನ್ಯಾ, ಉಗಾಂಡಾಗಳಲ್ಲಿ ನಡೆದ ಪ್ರಯೋಗಗಳಲ್ಲಿ, ಹೆಂಗಸರಿಂದ ಗಂಡಸರಿಗೆ ಏಡ್ಸ್ ವೈರಾಣು ಅಂಟುವುದು ಸುಮಾರು ಶೇಕಡಾ 60ರಷ್ಟು ತಗ್ಗಿದ್ದು ಕಂಡುಬಂತು. ಅದರ ಆಧಾರದ ಮೇಲೆ 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸೋಂಕು ಹೆಚ್ಚಿರುವ ಆಫ್ರಿಕಾ ದೇಶಗಳಿಗೆ ಇದನ್ನು ಶಿಫಾರಸು ಮಾಡಿತು. ಆದರೆ ಆ ಪ್ರಯೋಗಕ್ಕೆ ಬಂದವರು ಬೆಳೆದ ಗಂಡಸರು. ಕೇಳಿ, ತಿಳಿದು, ಒಪ್ಪಿ ಬಂದವರು. ಆ ಲಾಭವನ್ನು ಮಗು ದೊಡ್ಡವನಾದ ಮೇಲೆ ತಾನೇ ತೀರ್ಮಾನಿಸಿ ಪಡೆಯಬಹುದು. ಮಕ್ಕಳ ವಿಷಯದಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲಿ ಲಾಭ ಅಪಾಯಕ್ಕಿಂತ ಹೆಚ್ಚು ಎಂದರೂ, ಎಲ್ಲ ಮಕ್ಕಳಿಗೂ ಮಾಡಿಸಿ ಎನ್ನುವಷ್ಟು ಅಲ್ಲ ಎಂದಿತು. ಹೆಣ್ಣುಮಕ್ಕಳ ಛೇದನದಲ್ಲಾದರೋ ಇಂಥ ಲಾಭದ ಮಾತೇ ಇಲ್ಲ. ಬಯಕೆಯನ್ನು ಹತ್ತಿಕ್ಕಿ ಹೆಣ್ಣನ್ನು ಹದ್ದುಬಸ್ತಿನಲ್ಲಿ ಇಡುವುದು ಅನೇಕ ಕಡೆ ಅದರ ಘೋಷಿತ ಉದ್ದೇಶ.

ಇನ್ನು ಗಂಡುಮಕ್ಕಳದು ಯಾವಾಗಲೂ ಸುಸೂತ್ರ ಅನ್ನುವುದೂ ಸುಳ್ಳು. ದಕ್ಷಿಣ ಆಫ್ರಿಕಾದ ಈಸ್ಟರ್ನ್ ಕೇಪ್ ಪ್ರಾಂತ್ಯದಲ್ಲಿ ಹುಡುಗರನ್ನು ಗಂಡಸರನ್ನಾಗಿ ಮಾಡುವ ಸಂಸ್ಕಾರದ ಹೊತ್ತಿನಲ್ಲಿ, ಅರ್ಹತೆಯಿಲ್ಲದವರ ಕೈಗೆ ಸಿಕ್ಕಿ ತರುಣರು ಸಾಯುವುದು ವರ್ಷ ವರ್ಷದ ಸುದ್ದಿ. ಅಲ್ಲಿನ ಸರ್ಕಾರ 2021ರಲ್ಲಿ ಅದಕ್ಕೆಂದೇ ಕಾಯ್ದೆ ತಂದಿತು. ನಮ್ಮಲ್ಲೂ ಉಳ್ಳವರ ಮಗ ಆಸ್ಪತ್ರೆಗೆ ಹೋಗುತ್ತಾನೆ, ಅರಿವಳಿಕೆ ಸಿಗುತ್ತದೆ. ಬಡವನ ಮಗ ಸಾಮೂಹಿಕ ಸುನ್ನತಿಯ ಸಾಲಿನಲ್ಲಿ ಕೂರುತ್ತಾನೆ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಬಾನು ಮುಷ್ತಾಕ್ ಅವರ ಸಂಕಲನದಲ್ಲಿ, ಇಂಗ್ಲಿಷಿನಲ್ಲಿ ‘ರೆಡ್ ಲುಂಗಿ’ ಹೆಸರಿನಿಂದ ಬಂದ ಕತೆಯ ವಸ್ತು ಇದೇ. ಮುಸ್ಲಿಂ ಲೇಖಕಿಯೊಬ್ಬರು ತಮ್ಮ ಮನೆಯಂಗಳದ ಮಾತನ್ನು ಕನ್ನಡದಲ್ಲೇ ಆಡಿದ್ದಾರೆ ಎಂಬುದನ್ನು ನೆನಪಿಡಬೇಕು.

ಹಾಗಾದರೆ ಅಳತೆಗೋಲು ಯಾವುದು? ನಮ್ಮ ಮಟ್ಟಿಗೆ ಎರಡೇ ಪ್ರಶ್ನೆ. ಈ ಕತ್ತರಿ ಮಗುವಿನ ಆರೋಗ್ಯಕ್ಕೆ ಈಗಲೇ ಬೇಕೇ? ಬೇಡವಾದರೆ, ಮತ್ತೆ ಸರಿಪಡಿಸಲಾಗದ್ದನ್ನು ಕೇಳದೆ ಮಾಡುವುದಕ್ಕಿಂತ ಮಗು ದೊಡ್ಡದಾಗಿ ತಾನೇ ಹೇಳುವ ತನಕ ಕಾಯಬಾರದೇ? ಹೆಣ್ಣಾಗಲಿ ಗಂಡಾಗಲಿ, ಈ ಪ್ರಶ್ನೆಗಳ ಮುಂದೆ ಇಬ್ಬರೂ ಒಂದೇ. ಈ ಅಳತೆಯಲ್ಲಿ ಖಫ್ಜ್ ಕೂಡ ಸೋಲುತ್ತದೆ, ಕಾರಣವಿಲ್ಲದ ಸುನ್ನತಿಯೂ ಸೋಲುತ್ತದೆ. ಇದನ್ನು ಮುಸುಕಿಲ್ಲದೆ ಹೇಳಬೇಕು.

ಆದರೆ ಅಳತೆ ಒಂದಾದ ಮಾತ್ರಕ್ಕೆ ಮದ್ದೂ ಒಂದೇ ಆಗಬೇಕಿಲ್ಲ. ಹೆಣ್ಣುಮಕ್ಕಳ ಛೇದನಕ್ಕೆ ಸ್ಪಷ್ಟವಾದ, ಪ್ರತ್ಯೇಕವಾದ ಕಾನೂನು ಬೇಕು. ಡಾಕ್ಟರ ಕೈಯಿಂದ ಸಣ್ಣದಾಗಿ ಚುಚ್ಚಿಸಿ ಶಾಸ್ತ್ರ ಮುಗಿಸೋಣ ಎಂಬ ರಾಜಿಯೂ ಬೇಡ. ಅಂಥ ಸಲಹೆಯನ್ನು 2010ರ ಏಪ್ರಿಲ್‌ನಲ್ಲಿ ಮುಂದಿಟ್ಟ ಅಮೆರಿಕದ ಅದೇ ಅಕಾಡೆಮಿ ಮರುತಿಂಗಳೇ ಹಿಂತೆಗೆದುಕೊಳ್ಳಬೇಕಾಯಿತು. ಇಲ್ಲಿ ಕಾನೂನು ಕೇಳುತ್ತಿರುವವರು ಆ ಸಮುದಾಯದ ಹೆಣ್ಣುಮಕ್ಕಳೇ. ಅವರ ಬೆನ್ನಿಗೆ ಸರ್ಕಾರ ನಿಲ್ಲದಿದ್ದರೆ ಮನೆಯೊಳಗೆ ಅವರು ಒಂಟಿ.

ಗಂಡುಮಕ್ಕಳ ವಿಷಯದಲ್ಲಿ ನಿಷೇಧದ ಮಾತು ಈಗ ಕೆಲಸಕ್ಕೆ ಬಾರದು. ಕೋಟಿಗಟ್ಟಲೆ ಜನ ಧರ್ಮದ ಗುರುತು ಎಂದು ನಂಬಿದ್ದನ್ನು ಪೊಲೀಸರ ಲಾಠಿಯಿಂದ ನಿಲ್ಲಿಸಹೊರಟರೆ, ಆಸ್ಪತ್ರೆಯಲ್ಲಿ ನಡೆಯುವುದು ಹಿತ್ತಿಲಿಗೆ ಹೋಗುತ್ತದೆ, ಸಾಯುವವರು ಮಕ್ಕಳು. ಇಲ್ಲಿ ಬೇಕಾದ್ದು ಬೇರೆ. ತರಬೇತಿಯಾದ ಕೈ, ಅರಿವಳಿಕೆ, ಶುದ್ಧ ಉಪಕರಣ, ಆಮೇಲಿನ ಆರೈಕೆ ಪ್ರತಿ ಹುಡುಗನಿಗೂ ಸಿಗಬೇಕು. ಬಡವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಆಗಬೇಕು. ಹುಡುಗ ಹೇಳುವಷ್ಟಾಗುವ ತನಕ ಕಾಯೋಣವೇ ಎಂಬ ಚರ್ಚೆ ಆ ಸಮುದಾಯದ ಒಳಗೇ, ಅವರ ಡಾಕ್ಟರು, ಗುರುಗಳು, ತಾಯಂದಿರ ನಡುವೆ ಹುಟ್ಟಬೇಕು. ಒಂದು ಕಡೆ ಡಾಕ್ಟರು ಬೇಕು, ಇನ್ನೊಂದು ಕಡೆ ಬೇಡ ಅಂತೀರಿ, ಇದು ಇಬ್ಬಗೆಯಲ್ಲವೇ ಅಂದರೆ, ಅಲ್ಲ. ಯಾವ ದಾರಿಯಲ್ಲಿ ಮಕ್ಕಳ ಮೈಗೆ ಬೀಳುವ ಗಾಯ ಕಡಿಮೆಯಾಗುತ್ತದೋ ಅದೇ ದಾರಿ.

ಇನ್ನೊಂದು ಎಚ್ಚರಿಕೆ. ಈ ವಿಷಯವನ್ನು ಒಂದು ಧರ್ಮದವರಿಗೆ ಹೊಡೆಯುವ ದೊಣ್ಣೆ ಮಾಡಿಕೊಳ್ಳುವವರಿಗೆ ಮಕ್ಕಳ ಚಿಂತೆ ಇರುವುದಿಲ್ಲ. ಸೊಲ್ಲಾಪುರದ ಹತ್ತಿರದ ಬಾಬಾ ಉಮರ್ ದರ್ಗಾದಲ್ಲಿ ಹಸುಗೂಸುಗಳನ್ನು ಎತ್ತರದಿಂದ ಕೆಳಗೆ ಹಿಡಿದ ಬಟ್ಟೆಗೆ ಬೀಳಿಸುವ ಹರಕೆ 2009ರಲ್ಲಿ ಟಿ.ವಿ.ಗಳಲ್ಲಿ ಬಂದಾಗ ದೇಶವೇ ಬೆಚ್ಚಿತು. ಹರಕೆ ಹೊತ್ತವರಲ್ಲಿ ಹಿಂದೂಗಳೂ ಇದ್ದರು, ಮುಸ್ಲಿಮರೂ ಇದ್ದರು. ಬಾಗಲಕೋಟೆ ಜಿಲ್ಲೆಯ ನಾಗರಾಳದ ದಿಗಂಬರೇಶ್ವರ ದೇವಸ್ಥಾನದಲ್ಲೂ ಇಂಥದೇ ನಡೆಯುತ್ತಿತ್ತು. ಕೂಸು ಅತ್ತರೆ ಹೊಟ್ಟೆಗೆ ಬರೆ ಎಳೆಯುವ ಮನೆಗಳು ಗಡಿಯ ಎರಡೂ ಕಡೆ ಇವೆ. 1929ರಲ್ಲಿ ಬಾಲ್ಯವಿವಾಹ ತಡೆ ಕಾಯ್ದೆ ಬಂದಾಗ ಧರ್ಮ ಮುಳುಗಿತು ಎಂದು ಬೊಬ್ಬೆ ಹಾಕಿದವರು ಎರಡೂ ಧರ್ಮಗಳಲ್ಲಿ ಇದ್ದರು. ಧರ್ಮವೇನೂ ಮುಳುಗಲಿಲ್ಲ, ಒಂದಷ್ಟು ಹೆಣ್ಣುಮಕ್ಕಳು ಶಾಲೆ ಕಂಡರು.

ಕೇರಳದ ಹೈಕೋರ್ಟು ಕಾನೂನು ಮಾಡುವುದು ತನ್ನ ಕೆಲಸವಲ್ಲ ಅಂದಿತು. ಅದು ಸರಿ. ಕಾನೂನು ಮಾಡುವವರು ದೆಹಲಿಯಲ್ಲಿದ್ದಾರೆ. ಸುಪ್ರೀಂ ಕೋರ್ಟಿನಲ್ಲಿ ಹೆಣ್ಣುಮಕ್ಕಳ ಪರ ನಿಂತ ಕೇಂದ್ರ ಸರ್ಕಾರ ಅದೇ ಮಾತನ್ನು ಪಾರ್ಲಿಮೆಂಟಿನಲ್ಲಿ ಮಸೂದೆಯಾಗಿ ತರಲಿ. ತಿರುವನಂತಪುರ, ಬೆಂಗಳೂರುಗಳ ಆರೋಗ್ಯ ಮಂತ್ರಿಗಳು ಬಡವರ ಹುಡುಗರಿಗೆ ಆಸ್ಪತ್ರೆಯ ಬಾಗಿಲು ತೆರೆಯಲಿ. ಅದಕ್ಕೆ ಯಾವ ಪೀಠದ ತೀರ್ಪನ್ನೂ ಕಾಯಬೇಕಾಗಿಲ್ಲ.