‘ಸೆಟ್ ಹೋಗೇದ’ ಅಂದಕೂಡ್ಲೆ ರೊಕ್ಕಾ ತಗೀಬ್ಯಾಡ್ರಿ

ಹೋದ ತಿಂಗಳು ನಮ್ಮ ಕಾರಿನ ಬ್ಯಾಟರಿ ಬದಲಿ ಮಾಡಿಸಿದ್ವಿ. ಮರುದಿನ ಮುಂಜಾನೆ ಅತ್ತಿಯವರನ್ನ ಕೂಡಿಸ್ಕೊಂಡು ದವಾಖಾನಿಗೆ ಹೊಂಟಾಗ ರೇಡಿಯೋ ಹಚ್ಚಿದ್ರ ಧಾರವಾಡ ಆಕಾಶವಾಣಿ ಬರಲೇ ಇಲ್ಲ. ಬರೇ ಸೊಂಯ್ ಅಂತ ಸಪ್ಪಳ. ಅತ್ತಿಯವರಿಗೆ ಈಗ ಕಣ್ಣು ಮಂಜು. ಟಿವಿ ಕಾಣೂದಿಲ್ಲ, ಪೇಪರ್ ಓದಲಿಕ್ಕೆ ಆಗೂದಿಲ್ಲ. ವಾರಕ್ಕ ಎರಡು ಸಲ ಡಯಾಲಿಸಿಸ್‌ಗೆ ಹೋಗೂ ದಾರಿಯೊಳಗ ಆ ರೇಡಿಯೋನೇ ಅವರಿಗೆ ಜೋಡಿ. ಅವರು ಪರಕಾರ ಉಟ್ಟು ಓಡ್ಯಾಡೂ ಕಾಲಕ್ಕ, 1950ರಾಗ ಸುರು ಆದ ಸ್ಟೇಶನ್ ಅದು. “ಬಂದ್ ಮಾಡಿಬಿಟ್ರೇನವಾ ಸ್ಟೇಶನ್ನ?” ಅಂತ ಕೇಳಿದ್ರು. ನನಗ ಹೊಟ್ಟ್ಯಾಗ ಕಸಿವಿಸಿ ಆತು.

ವಾಪಸ್ ಬರೂ ಮುಂದ ಅಂಗಡಿಗೆ ಹೋದ್ವಿ. ಹುಡುಗ ಕಾರಿನ ಒಳಗ ಕೂಡಲೂ ಇಲ್ಲ, ಕಿಟಕ್ಯಾಗಿಂದ ಇಣುಕಿ ನೋಡಿ, “ಸೆಟ್ ಹೋಗೇದ ಆಂಟಿ. ತಗದು ಒಗೀರಿ, ಹದಿನಾಲ್ಕು ಸಾವಿರಕ್ಕ ಟಚ್ ಸ್ಕ್ರೀನ್ ಹಾಕಿ ಕೊಡ್ತೇನಿ” ಅಂದ. “ಅದರಾಗ ಧಾರವಾಡ ಬರ್ತದೇನಪಾ?” ಅಂದೆ. “ಎಫ್ಎಂ ಬರ್ತದಲ್ರೀ” ಅಂದ. ನಾ ಕೇಳಿದ್ದು ಎಎಂ, ಮೀಡಿಯಂ ವೇವ್, 765. ಅವನ ಸ್ಕ್ರೀನಿನ್ಯಾಗ ಎಎಂ ಅನ್ನೂದು ಇರಲೇ ಇಲ್ಲ. ಅಂದ್ರ ಹದಿನಾಲ್ಕು ಸಾವಿರ ಕೊಟ್ಟು, ನಮ್ಮ ಅತ್ತಿಯವರು ಕೇಳೂದನ್ನ ಕಾಯಂ ಕಳಕೊಳ್ಳೂ ವ್ಯವಹಾರ ಅದು!

ಮನಿಗೆ ಬಂದು ಸೆಟ್ಟಿನ ಪುಸ್ತಕ ಹುಡುಕಿದೆ. ನಮ್ಮವರು ನಕ್ಕು, “ನಿನಗ್ಯಾಕ ಬೇಕು ಆ ಉಸಾಬರಿ? ಕರೆಂಟ್ ಗಿರೆಂಟ್ ಹೊಡದೀತು” ಅಂದ್ರು. ಕಾರಿನ ಬ್ಯಾಟರಿ ಹನ್ನೆರಡು ವೋಲ್ಟ್. ನಾ ದಿನಾ ಒದ್ದಿ ಕೈಲೆ ಹಚ್ಚೂ ಮಿಕ್ಸರ್ 230 ವೋಲ್ಟ್! ಅಡಗಿಮನ್ಯಾಗ ಯಾರಿಗೂ ಈ ಕಾಳಜಿ ಬರೂದಿಲ್ಲ ನೋಡ್ರಿ.

ಸ್ಟೇಶನ್ ಹುಡುಕೂ ಗುಂಡಿ ತಿರುವಿದಾಗ ಗೊತ್ತಾತು: ನಂಬರು 760 ಆದಮ್ಯಾಲೆ 770ಕ್ಕ ಜಿಗೀತದ. 765 ಬರೋದೇ ಇಲ್ಲ. ನಮ್ಮ ಅಳಿಯ ಅಮೆರಿಕಾದಿಂದ ತಂದ ಸೆಟ್ಟು ಅದು. ಅಲ್ಲಿ ಎಎಂ ಸ್ಟೇಶನ್ನು ಹತ್ತರ ಮಗ್ಗಿ ಪ್ರಕಾರ ಇರ್ತಾವ, ನಮ್ಮ ಕಡೆ ಒಂಬತ್ತರ ಮಗ್ಗಿ ಪ್ರಕಾರ. ಒಂಬತ್ತು ಎಂಬತ್ತೈದಲೆ 765, ಲೆಕ್ಕಾ ಹಾಕಿ ನೋಡ್ರಿ. ಬ್ಯಾಟರಿ ತಗದಾಗ ಸೆಟ್ಟು ತಾ ಕಲತಿದ್ದೆಲ್ಲಾ ಮರತು ತನ್ನ ತವರುಮನಿ ಲೆಕ್ಕಕ್ಕ ಹೋಗಿತ್ತು. ಸೆಟ್ಟಿಂಗಿನ್ಯಾಗ ಹತ್ತು ಇದ್ದದ್ದು ಒಂಬತ್ತು ಮಾಡಿದೆ. ಧಾರವಾಡ ಮಾತಾಡ್ತು. ಖರ್ಚು ಶೂನ್ಯ.

ಅದಕ್ಕ ನನ್ನ ವಾದ ಇಷ್ಟ ಅದ: ‘ಕೆಟ್ಟದ’ ಅನ್ನೂ ಮಾತು ಯಾರರ ಹೇಳಿದ್ರ, ಏನೇನು ನೋಡಿ ಹೇಳಿದ್ರಿ ಅಂತ ನಾವು ಕೇಳಬೇಕು. ಕೇಳಲಿಕ್ಕೆ ನಮಗ ಒಂದೀಟು ಗೊತ್ತಿರಬೇಕು. ಇಷ್ಟು ತಿಳಕೊಂಡ್ರ ಸಾಕು:

ಊರಾಗ ಛಲೋ ಬಂದು ಹಳ್ಳಿ ಕಡೆ ಬರಲಿಲ್ಲಂದ್ರ ‘ಲೋಕಲ್’ ಅನ್ನೂದು ಚಾಲೂ ಅದ ಏನು ನೋಡ್ರಿ. ಅದು ಇದ್ರ ಹುಡುಕೂ ಮುಂದ ಜೋರಿರೂ ಸ್ಟೇಶನ್ ಅಷ್ಟ ನಿಂದರ್ತಾವ. ಬರೇ ಕರಕರ ಅಂದ್ರ ಮೊಬೈಲ್ ಚಾರ್ಜರ್ ಕಿತ್ತು ನೋಡ್ರಿ, ಅಗ್ಗದ ಚಾರ್ಜರ್ ರೇಡಿಯೋಕ್ಕ ದೊಡ್ಡ ವೈರಿ. ಕಾರು ತೊಳದಮ್ಯಾಲೆ ಕೆಟ್ರ ಮ್ಯಾಲಿನ ಏರಿಯಲ್ ಸಡಿಲ ಆಗಿರ್ತದ, ಕೈಲೆ ತಿರುವಿ ಬಿಗಿ ಮಾಡ್ರಿ.

ಜೀವಾನೇ ಇಲ್ಲಂದ್ರ ಮೊದಲ ಫ್ಯೂಸ್. ಚಾವಿ ತಗದು, ಪುಸ್ತಕದಾಗ ಜಾಗಾ ನೋಡಿ, ಎಳದು ಬೆಳಕಿಗೆ ಹಿಡೀರಿ. ಒಳಗಿನ ತಂತಿ ಹರದಿದ್ರ ಅದೇ ನಂಬರಿಂದು ಹಾಕ್ರಿ. ಕೆಂಪು ಇದ್ರ ಹತ್ತು, ನೀಲಿ ಇದ್ರ ಹದಿನೈದು. ದೊಡ್ಡ ನಂಬರಿಂದು ಹಾಕೂದು, ಬೆಳ್ಳಿ ಕಾಗದ ಸುತ್ತೂದು ಮಾತ್ರ ಮಾಡಲೇ ಬ್ಯಾಡ್ರಿ, ಬೆಂಕಿ ಹತ್ತೂದು ಅಲ್ಲೇ. ಹೊಸಾ ಫ್ಯೂಸೂ ಸುಟ್ರ ಎಲ್ಲೋ ವೈರ್ ತಾಕೇದ, ಆವಾಗ ಕಲತವರ ಕಡೆ ಒಯ್ಯಬೇಕು.

ಸಲ ಸಲ ಗಡಿಯಾರ, ಸ್ಟೇಶನ್ನು ಮರೀತಿದ್ರ ಸೆಟ್ಟಿಗೆ ಕಾಯಂ ಬರೂ ಕರೆಂಟು ಸಿಗವಲ್ದು. ಹೊರಗಿನಿಂದ ತಂದು ಹಾಕಿದ ಸೆಟ್ಟಿನ್ಯಾಗ ಅದು ಸಾಮಾನ್ಯ ಅರಿಷಿಣ ವೈರು, ಚಾವಿ ತಿರುವಿದಾಗ ಬರೂದು ಕೆಂಪು. ಎರಡೂ ಅದಲಿಬದಲಿ ಕೂಡಿಸಿರ್ತಾರ. ಇನ್ನ ಗುಂಡಿ ಒತ್ತಿದ್ರೂ ಮಾತು ಕೇಳದ ಹೆಪ್ಪುಗಟ್ಟಿದ್ರ, ಭಾಳ ಸೆಟ್ಟಿನ ಮಾರಿ ಮ್ಯಾಲೆ ಸಣ್ಣ ತೂತು ಇರ್ತದ. ಪೆನ್ನಿನ ತುದಿಲೆ ಒತ್ತಿದ್ರ ರೀಸೆಟ್. ಮೊದಲ ಸ್ಟೇಶನ್ ನಂಬರು ಬರಕೊಳ್ರಿ, ಎಲ್ಲಾ ಅಳಕಿ ಹೋಗ್ತದ.

ಕಾರಿನ ಜೋಡಿನೇ ಬಂದ ಕೆಲವು ಸೆಟ್ಟು ಬ್ಯಾಟರಿ ತಗದಮ್ಯಾಲೆ ‘ಕೋಡ್’ ಕೇಳ್ತಾವ. ಕಳ್ಳರು ಒಯ್ದ್ರ ನಡೀಬಾರ್ದು ಅಂತ ಮಾಡಿದ್ದು ಅದು. ಅಂದಾಜಿಗೆ ಒತ್ತಲಿಕ್ಕೆ ಹೋಗಬ್ಯಾಡ್ರಿ, ಸಲ ಸಲ ತಪ್ಪಿದ್ರ ಲಾಕ್ ಆಗಿ ಗಂಟೆಗಟ್ಲೆ ಕಾಯಸ್ತಾವ. ಕೋಡ್ ಸಿಗೂತನಕ ರೀಸೆಟ್ ಅಂತ ಬ್ಯಾಟರಿ ವೈರಿಗೂ ಕೈ ಹಚ್ಚಬ್ಯಾಡ್ರಿ.

ಅಂಗಡಿ ಹುಡುಗನ್ನ ನಾ ಪೂರಾ ಬೈಯೂದಿಲ್ಲ. ಸೆಟ್ಟಿಂಗ್ ಸರಿ ಮಾಡಿದ್ರ ನಾವು “ಇಷ್ಟಕ್ಕ ರೊಕ್ಕಾ ಯಾಕೋ?” ಅಂತೇವಿ. ಹೊಸಾದು ಮಾರಿದ್ರ ಮಾತಾಡದ ಸಾವಿರಗಟ್ಲೆ ಎಣಿಸಿ ಕೊಡ್ತೇವಿ. ಅವನಿಗೆ ಈ ಪಾಠ ಕಲಿಸಿದವರು ನಾವೇ. ಮುಂದಿನ ಸಲ ಹೋದ್ರ ಮೊದಲ ಹೇಳ್ರಿ: “ನೋಡಿದ್ದಕ್ಕ ಇನ್ನೂರು ರೂಪಾಯಿ ಕೊಡ್ತೇನಿ, ಒಳಗ ಕೂತು ನೋಡಪಾ.” ನಾ ಹೇಳೇನಿ, ಕೂತು ನೋಡ್ತಾರ.

ವೈನಿ, ಅಕ್ಕಾ, ಇವತ್ತ ಸಂಜೀಕ ಒಂದು ಕೆಲಸಾ ಮಾಡ್ರಿ. ಕಾರಿನ ಡಬ್ಬ್ಯಾಗಿರೂ ಪುಸ್ತಕ ಪ್ಲಾಸ್ಟಿಕ್ ಚೀಲದಿಂದ ಹೊರಗ ತಗೀರಿ. ಕೋಡಿನ ಕಾರ್ಡು ಇದ್ರ ಆ ನಂಬರು, ಇಲ್ಲಾಂದ್ರ ಸ್ಟೇಶನ್ ನಂಬರು, ಗ್ಯಾಸ್ ಸಿಲಿಂಡರ್ ತಾರೀಖು ಬರಿಯೂ ಕ್ಯಾಲೆಂಡರಿನ ಹಿಂದ ಬರದಿಡ್ರಿ. ನಮ್ಮನ್ಯಾಗ ದೊಡ್ಡ ಅಕ್ಷರದಾಗ 765 ಅಂತ ಬರದೇನಿ, ಕೆಳಗ ‘ಒಂಬತ್ತರ ಮಗ್ಗಿ’ ಅಂತ.